ದೋಣಿಗೆ ಎತ್ತಿನ ಗಂಟು

ನಮ್ಮ ಮನೆಯಲ್ಲಿ ಸಡಿಲವಾಗಿರುವುದು ನನ್ನ ನಾಲಗೆಯೊಂದೇ. ಉಳಿದದ್ದೆಲ್ಲ ಬಿಗಿ. ಉಪ್ಪಿನಕಾಯಿ ಭರಣಿಯ ಬಾಯಿಬಟ್ಟೆ ಬಿಗಿ, ಹಳೇ ಪೇಪರಿನ ಕಟ್ಟು ಬಿಗಿ, ಮಹಡಿಯ ಮೇಲೆ ಬಟ್ಟೆ ಒಣಗಿಸುವ ಹಗ್ಗವಂತೂ ಬೆರಳಲ್ಲಿ ಮೀಟಿದರೆ ನಾದ ಹೊರಡುವಷ್ಟು ಬಿಗಿ. ಮೊನ್ನೆ ಮಹಡಿಗೆ ಬಣ್ಣ ಬಳಿಯಲು ಬಂದವನು ಆ ಹಗ್ಗ ಬಿಚ್ಚಲು ಅರ್ಧ ಗಂಟೆ ಒದ್ದಾಡಿದ. ಎಳೆದ, ಉಗುರು ಹಾಕಿದ, ಹಲ್ಲಲ್ಲಿ ಕಚ್ಚಿದ. ಕೊನೆಗೆ ಕೆಳಗಿಳಿದು ಬಂದು, "ಟೀಚರಮ್ಮ, ಮ್ಯಾಲೆ ಯಾವ ಎತ್ತು ಕಟ್ಟಿದ್ರಿ?" ಎಂದು ಕೇಳಿದ.

ಅವನು ತಮಾಷೆಗೆ ಕೇಳಿದ್ದು. ನನಗೆ ನಗುವೂ ಬಂತು, ಕಿವಿಯೂ ಬಿಸಿಯಾಯಿತು. ಯಾಕೆಂದರೆ ಅದು ನಿಜವಾಗಿಯೂ ಎತ್ತಿನ ಗಂಟು. ಅದೇ ಗಂಟು ಹೋದ ವರ್ಷ ನನ್ನ ಅಕ್ಕನ ಮಗಳ ಮದುವೆಯನ್ನು ಮುರಿಯುವುದರಲ್ಲಿತ್ತು. ಅದೂ ಎಲ್ಲಿ ಅಂತೀರಿ? ಕುಂದಾಪುರದ ಆಚೆ, ನದಿ ಹೋಗಿ ಸಮುದ್ರ ಸೇರುವ ಅಳಿವೆಯ ಬಾಯಲ್ಲಿ. ಹೊಸೂರಿನ ಹೆಂಗಸಿಗೆ ಅಳಿವೆಯಲ್ಲೇನು ಕೆಲಸ ಎಂದು ನೀವು ಕೇಳುವುದು ನ್ಯಾಯವೇ. ಹೇಳುತ್ತೇನೆ, ಆದರೆ ಮೊದಲು ಎತ್ತು, ಆಮೇಲೆ ದೋಣಿ.

ನಮ್ಮ ತವರು ಹೊಸೂರಿನ ಹತ್ತಿರದ ಬೇರಿಕೆ. ನಮ್ಮಪ್ಪ ಅಲ್ಲಿನ ಬೇಸಾಯಗಾರ. ಆತ ಯಾರ ಮನೆಗೆ ಸಂಬಂಧ ನೋಡಲು ಹೋದರೂ ಮುಂಬಾಗಿಲಿನಿಂದ ಒಳಗೆ ಹೋಗುತ್ತಿರಲಿಲ್ಲ. ನೇರ ಹಿತ್ತಲಿಗೆ, ಕೊಟ್ಟಿಗೆಗೆ. ದನ ಕಟ್ಟಿದ ಹಗ್ಗ ಉದ್ದವಿದೆಯೋ ಗಿಡ್ಡವಿದೆಯೋ ನೋಡುವುದು. ಉದ್ದವಿದ್ದರೆ ಕಾಫಿಯನ್ನೂ ಕುಡಿಯದೆ ವಾಪಸ್ಸು. "ಹಗ್ಗ ಉದ್ದ ಬಿಟ್ಟೋನು ದನ ಉದ್ದ ಬಿಡ್ತಾನೆ, ದನ ಪಕ್ಕದೋನ ರಾಗಿ ತಿಂತದೆ, ದಿನಾ ಜಗಳ. ಅಂಥ ಮನೇಲಿ ಹೆಣ್ಣು ಬಾಳಾಕಾಯ್ತದಾ?" ಎನ್ನುವುದು ಆತನ ಸಿದ್ಧಾಂತ. ನನ್ನ ಅಕ್ಕ ಗೌರಕ್ಕನಿಗೆ ಗಂಡು ಹುಡುಕಿದ್ದು ಹೀಗೆಯೇ. ನಮ್ಮ ಭಾವ ಎತ್ತು ಕಟ್ಟುವುದರಲ್ಲಿ ಬಹಳ ಬಿಗಿ. ಉಳಿದ ಯಾವುದರಲ್ಲೂ ಬಿಗಿ ಇರಲಿಲ್ಲ ಎನ್ನುವುದು ಮದುವೆಯಾದ ಮೇಲೆ ಗೊತ್ತಾಯಿತು, ಆ ಮಾತು ಬೇರೆ.

ಗಂಟು ಹಾಕುವುದನ್ನು ಅಪ್ಪ ನಮ್ಮಿಬ್ಬರಿಗೂ ಕಲಿಸಿದ್ದ. ಗೂಟಕ್ಕೆ ಎರಡು ಸುತ್ತು, ಒಂದು ತಿರುವು, ಬಾಲವನ್ನು ಒಳಗಿನಿಂದ ತೂರಿಸಿ ಮಡಚಿ ಬಿಡುವುದು. ಗೊತ್ತಿಲ್ಲದವನು ಎಳೆದಷ್ಟೂ ಅದು ಬಿಗಿಯಾಗುತ್ತದೆ. ಗೊತ್ತಿದ್ದವರು ಬಾಲ ಹಿಡಿದು ಅಡ್ಡಕ್ಕೆ ಒಮ್ಮೆ ಜಗ್ಗಿದರೆ ಬಿಚ್ಚಿಕೊಳ್ಳುತ್ತದೆ. ಕಳ್ಳ ಬಂದರೆ ಎತ್ತು ಬಿಚ್ಚಬಾರದು, ಕೊಟ್ಟಿಗೆಗೆ ಬೆಂಕಿ ಬಿದ್ದರೆ ಮನೆಯವರು ತಟ್ಟನೆ ಬಿಚ್ಚಬೇಕು, ಅದು ಅದರ ಉಪಾಯ. ಊರಿನಲ್ಲಿ ಬೇರೆ ಯಾರಿಗೂ ಅದು ಬರುತ್ತಿರಲಿಲ್ಲ. ಅಪ್ಪ ಹೋದ ಮೇಲೆ ಈ ಭೂಮಿಯ ಮೇಲೆ ಅದನ್ನು ಹಾಕಬಲ್ಲವರು ಇಬ್ಬರೇ, ನಾನು ಮತ್ತು ಗೌರಕ್ಕ.

ಇನ್ನು ನೀರಿನ ವಿಷಯ. ನಾನು ಸಮಾಜವಿಜ್ಞಾನದ ಟೀಚರು. ನನ್ನ ಮೊದಲ ಪೋಸ್ಟಿಂಗು ಅಂಚೆಟ್ಟಿಯಿಂದಲೂ ಆಚೆ, ಕಾಡಿನ ನಡುವಿನ ನಾಟ್ರಾಂಪಾಳ್ಯದಲ್ಲಿ. ಬಸ್ಸು ಬಂದರೆ ಬಂತು, ಬರದಿದ್ದರೆ ಕಾಲೇ ಗತಿ. ಅಲ್ಲಿ ಕಪ್ಪು ಹಲಗೆಯ ಮೇಲೆ ಸೂರ್ಯ, ಚಂದ್ರ, ಭೂಮಿ ಮೂರನ್ನೂ ಒಂದೇ ಸಾಲಿನಲ್ಲಿ ಬರೆದು ಉಬ್ಬರವಿಳಿತ ಪಾಠ ಮಾಡುತ್ತಿದ್ದೆ. ಸಮುದ್ರವನ್ನು ಮಕ್ಕಳೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ. ಅವರು ಕಂಡಿದ್ದ ದೋಣಿಯೆಂದರೆ ಕಾವೇರಿಯ ಹರಿಗೋಲು. ಅದನ್ನು ಯಾರೂ ಕಟ್ಟುವುದೇ ಇಲ್ಲ, ಕೆಲಸ ಮುಗಿದರೆ ತಲೆಯ ಮೇಲೆ ಬೋರಲು ಹಾಕಿಕೊಂಡು ಮನೆಗೆ ಹೊತ್ತುಕೊಂಡು ಹೋಗುತ್ತಾರೆ. ಒಂದು ದಿನ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಮಿಸ್, ಇಳಿತದಾಗೆ ನೀರು ಎಲ್ಲಿಗ್ ಹೋಯ್ತದೆ?" ಎಂದಳು. "ಹಿಂದಕ್ಕೆ" ಎಂದೆ. "ಹಿಂದಕ್ಕೆ ಅಂದ್ರೆ ಎಲ್ಲಿಗೆ ಮಿಸ್?" ನನಗೆಲ್ಲಿ ಗೊತ್ತು! "ಎರಡು ಮಾರ್ಕಿಗೆ ಇಷ್ಟು ಸಾಕು, ಕೂತ್ಕೋ" ಎಂದು ಗದರಿಸಿ ಕೂರಿಸಿದೆ. ಆ ಹುಡುಗಿಯ ಶಾಪವೇ ಆಮೇಲೆ ತಟ್ಟಿದ್ದು ಎಂದು ನನ್ನ ಗುಮಾನಿ.

ಗೌರಕ್ಕನಿಗೆ ಒಬ್ಬಳೇ ಮಗಳು, ಸುಮಾ. ಹೊಸೂರಿನ ಫ್ಯಾಕ್ಟರಿಯೊಂದರಲ್ಲಿ ತಯಾರಾದ ಮಾಲನ್ನು ಪರೀಕ್ಷೆ ಮಾಡಿ ಸರಿಯಿಲ್ಲದ್ದನ್ನು ಪಕ್ಕಕ್ಕಿಡುವ ಕೆಲಸ ಅವಳದು. ಗಂಡುಗಳನ್ನೂ ಹಾಗೆಯೇ ಒಬ್ಬೊಬ್ಬರನ್ನಾಗಿ ಪಕ್ಕಕ್ಕಿಟ್ಟು ಮೂವತ್ತು ದಾಟಿದಳು. ಕೊನೆಗೆ ಅದೇ ಫ್ಯಾಕ್ಟರಿಯ ಪ್ರವೀಣನನ್ನು ಪಾಸು ಮಾಡಿದಳು. ಹುಡುಗ ಚಿನ್ನದಂಥವನು. ತೊಡಕೊಂದೇ: ಅವನ ಮನೆ ಇರುವುದು ಅಳಿವೆಯ ನಡುವಿನ ನಡುಗಡ್ಡೆಯಲ್ಲಿ. ಆ ಕಡೆಯವರು ಅದಕ್ಕೆ ಕುದ್ರು ಎನ್ನುತ್ತಾರೆ. ಅಪ್ಪ ಪ್ರವಾಸಿಗಳನ್ನು ದೋಣಿಯಲ್ಲಿ ಸುತ್ತಾಡಿಸುವವರು. ಜಾತಿಯ ಮಾತು ಆರು ತಿಂಗಳು ನಡೆದು, ಸುಸ್ತಾಗಿ, ತಾನಾಗಿಯೇ ಮಲಗಿತ್ತು. ಉಳಿದಿದ್ದು ನೀರಿನ ಮಾತು.

"ನೆಲದ್ ಮ್ಯಾಲಿರೋ ಜನ ಎಲ್ಲಾ ಸತ್ತೋದ್ರಾ? ನೀರ್ ಮ್ಯಾಲಿರೋರಿಗೆ ಹೆಣ್ ಕೊಡಾಕೆ?" ಎಂದಳು ಗೌರಕ್ಕ. ಅವಳು ಬಸ್ಸಿನಲ್ಲಿ ತಮಿಳು ಆಡುತ್ತಾಳೆ, ಸಂತೆಯಲ್ಲಿ ತೆಲುಗು ಆಡುತ್ತಾಳೆ, ಬೈಯುವುದಕ್ಕೆ ಮಾತ್ರ ಕನ್ನಡ. ಅಂತೂ ಇಂತೂ ನಾನು ಕಾಲು ಹಿಡಿದು, ಮನೆ ನೋಡುವ ಶಾಸ್ತ್ರಕ್ಕಾದರೂ ಹೋಗಿಬರೋಣ ಎಂದು ಒಪ್ಪಿಸಿದೆ. ಭಾವನಿಗೆ ಮಂಡಿನೋವು, ಹೊರಟಿದ್ದು ನಾವಿಬ್ಬರೇ. ಹುಡುಗ ಅಲ್ಲಿರಕೂಡದು ಎಂಬುದು ಅವಳ ಷರತ್ತು. ಹುಡುಗ ಎದುರಿಗಿದ್ದರೆ ಜನ ಮನೆ ನೋಡುವುದನ್ನು ಬಿಟ್ಟು ಹುಡುಗನನ್ನೇ ನೋಡುತ್ತಾರಂತೆ.

ಹೊಸೂರಿನ ಬಸ್‌ಸ್ಟ್ಯಾಂಡಿನಲ್ಲಿ ಸುಮಾ ನನ್ನನ್ನು ಪಕ್ಕಕ್ಕೆ ಎಳೆದುಕೊಂಡಳು. "ಚಿಕ್ಕಮ್ಮ, ಅಮ್ಮ ಅಲ್ಲಿ ಒಂದ್ ತಪ್ಪು ಹುಡ್ಕೇ ಹುಡುಕ್ತಾಳೆ. ಹುಡ್ಕಾಕೇ ಹೋಗ್ತಿರೋದು ಅವ್ಳು. ಬ್ಯಾಡ ಅಂದ್ಬುಟ್ರೆ ನಾನು ಮೀರಿ ಹೋಗಲ್ಲ, ಪ್ರವೀಣ್‌ಗೂ ಹಂಗೇ ಹೇಳ್ಬುಟ್ಟಿದೀನಿ. ಬೇರೆ ಯಾರ್ನೂ ಮಾಡ್ಕೊಳೋದೂ ಇಲ್ಲ. ನಿನ್ ಕೈಲೈತೆ." ಅವಳ ಕೈ ತಣ್ಣಗಿತ್ತು. "ನಾನಿರೋವಾಗ ನಿನಗ್ಯಾಕೆ ಚಿಂತೆ?" ಎಂದು ದೊಡ್ಡದಾಗಿ ಹೇಳಿ ಬಸ್ಸು ಹತ್ತಿದೆ.

ಮರುದಿನ ಬೆಳಗ್ಗೆ ಒಂಬತ್ತಕ್ಕೆ ಅಳಿವೆಯ ದಡದಲ್ಲಿದ್ದೆವು. ಹುಡುಗನ ತಂದೆ ಸಂಜೀವಣ್ಣ ಎದುರುಗೊಂಡರು. ತೆಳ್ಳಗೆ, ಕಪ್ಪಗೆ, ಮಾತು ಕಡಿಮೆ. ದಡದಲ್ಲಿ ಅವರ ಬೋಟಿಂಗಿನ ಬೋರ್ಡು, ಒಂದು ತಗಡಿನ ಮಾಡು, ಗೂಟಗಳಿಗೆ ಕಟ್ಟಿದ ನಾಲ್ಕಾರು ದೋಣಿಗಳು. ದೋಣಿ ಹತ್ತಲು ನೀಲಿ ಡ್ರಮ್ಮುಗಳ ಮೇಲೆ ಹಲಗೆ ಹಾಕಿದ ತೇಲುವ ದಕ್ಕೆ. ಕಾಲಿಟ್ಟರೆ ಅದು ಕುಲುಕುತ್ತಿತ್ತು. "ನೆಲವೇ ಅಳ್ಳಾಡ್ತದೆ ಇಲ್ಲಿ" ಎಂದು ಗೌರಕ್ಕ ಮೊದಲ ತಪ್ಪನ್ನು ಬರೆದುಕೊಂಡಳು.

ಸಂಜೀವಣ್ಣ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟು ಕೊಟ್ಟರು.

"ಇದ್ಯಾಕೆ ದೋಣಿಯೋರೇ, ನೀರಿಗ್ ಬೀಳ್ತೀವಾ?"

"ಇಲ್ಲ ಅಮ್ಮ, ಬೀಳುದಿಲ್ಲ."

"ಬೀಳಲ್ಲ ಅಂದ್ಮ್ಯಾಲೆ ಯಾಕ್ ಕೊಟ್ರಿ?"

ಅವರು ನಕ್ಕು, ಜಾಕೆಟ್ಟಿನ ಪಟ್ಟಿ ಹಾಕುವುದು ಹೇಗೆಂದು ತೋರಿಸಿದರು. ರೇಷ್ಮೆ ಸೀರೆಯ ಮೇಲೆ ಆ ಜಾಕೆಟ್ಟು ತೊಟ್ಟು ಕೂತ ಗೌರಕ್ಕನನ್ನು ಫೋಟೋ ತೆಗೆಯಲು ನನ್ನ ಕೈ ತುರಿಸುತ್ತಿತ್ತು. ಸುಮಾಳ ಮುಖ ನೆನೆದು ಫೋನನ್ನು ಬ್ಯಾಗಿನೊಳಗೇ ಇಟ್ಟುಕೊಂಡೆ.

ನೀರು ಅಂಚಿನವರೆಗೂ ತುಂಬಿತ್ತು. ಸಂಜೀವಣ್ಣ ಹುಟ್ಟು ಹಾಕುತ್ತ ಹತ್ತೇ ನಿಮಿಷದಲ್ಲಿ ಕುದ್ರು ಮುಟ್ಟಿಸಿದರು. ಅಲ್ಲಿ ಕೆಂಪುಕಲ್ಲಿನ ಮೆಟ್ಟಿಲು, ಮೇಲಿನ ಮೆಟ್ಟಿಲ ಪಕ್ಕ ತೆಂಗಿನ ಕಾಂಡದ ಒಂದು ಗೂಟ. ಅವರು ದೋಣಿಯ ಮೂತಿಯ ಹಗ್ಗವನ್ನು ಆ ಗೂಟಕ್ಕೆ ಸುತ್ತಿ, ಉಳಿದ ಉದ್ದವನ್ನೆಲ್ಲ ಹಾಗೇ ಬಿಟ್ಟು ಮೇಲೆ ಹತ್ತಿದರು. ಹಗ್ಗ ನಾಲ್ಕಾಳುದ್ದ ಮೆಟ್ಟಿಲ ಮೇಲೂ ನೀರಿನಲ್ಲೂ ಬಿದ್ದುಕೊಂಡಿತ್ತು. ದೋಣಿ ತನಗಿಷ್ಟ ಬಂದ ಕಡೆ ಮುಖ ತಿರುಗಿಸಿಕೊಂಡು ತೇಲುತ್ತಿತ್ತು.

ಗೌರಕ್ಕ ನಿಂತಳು. ಹಗ್ಗ ನೋಡಿದಳು. "ಹ್ಞೂಂ" ಎಂದಳು.

ಆ "ಹ್ಞೂಂ" ಎಂಥದ್ದು ಎಂದು ನಮ್ಮ ವಂಶಕ್ಕೆ ಮಾತ್ರ ಗೊತ್ತು. ನನ್ನ ಕಿವಿಯ ಹತ್ತಿರ ಬಂದು, "ನೋಡ್ದೇನೇ ಹಗ್ಗಾನ? ಅಪ್ಪ ಇದ್ದಿದ್ರೆ ಇಲ್ಲಿಂದ್ಲೇ ವಾಪಸ್ ಬತ್ತಿದ್ರು" ಎಂದಳು.

ಮನೆಯ ಹೊಸ್ತಿಲನ್ನೇ ಮುಟ್ಟಿಲ್ಲ, ಆಗಲೇ ಸಂಬಂಧಕ್ಕೆ ಎಳ್ಳುನೀರು! ಚಪ್ಪಲಿಯ ಬಾರು ಕಿತ್ತಿದೆ, ನೀವು ನಡೀರಿ ಎಂದು ನೆವ ಹೇಳಿ ಹಿಂದೆ ಉಳಿದೆ. ಅವರಿಬ್ಬರೂ ತೆಂಗಿನ ತೋಟದೊಳಗೆ ಮರೆಯಾದದ್ದೇ ತಡ, ಹಗ್ಗ ಜಗ್ಗಿ ದೋಣಿಯನ್ನು ಮೆಟ್ಟಿಲಿಗೆ ಎಳೆದೆ. ಅದರ ಮೂಗು ಗೂಟಕ್ಕೆ ತಾಗುವಷ್ಟು ಗಿಡ್ಡ ಮಾಡಿ, ಎರಡು ಸುತ್ತು, ಒಂದು ತಿರುವು, ಬಾಲ ಒಳಗೆ. ಮಿಕ್ಕ ಹಗ್ಗವನ್ನು ಸುರುಳಿ ಸುತ್ತಿ ಅಂದವಾಗಿ ಮೆಟ್ಟಿಲ ಮೇಲಿಟ್ಟೆ. ಓಡಿಹೋಗಿ, ಸಂಜೀವಣ್ಣ ಒಳಗೆ ಹೋದದ್ದು ನೋಡಿ ಅಂಗಳದಲ್ಲಿ ಗೌರಕ್ಕನನ್ನು ಹಿಡಿದು, "ಸರಿಯಾಗಿ ನೋಡಕ್ಕ, ಎಷ್ಟ್ ಬಿಗಿಯಾಗ್ ಕಟ್ಟೋರೆ!" ಎಂದು ತೆಂಗಿನ ಮರಗಳ ಸಂದಿಯಲ್ಲಿ ದೂರದಿಂದಲೇ ತೋರಿಸಿದೆ. ಅವಳು ಕಣ್ಣು ಕಿರಿದು ಮಾಡಿ ನೋಡಿ, "ಪರವಾಗಿಲ್ಲ" ಎಂದಳು. ನಾನು ಬೆನ್ನು ತಟ್ಟಿಕೊಂಡೆ.

ಇಪ್ಪತ್ತೊಂಬತ್ತು ವರ್ಷ ಉಬ್ಬರವಿಳಿತ ಪಾಠ ಮಾಡಿದವಳು ನಾನು, ಮರೆಯಬೇಡಿ. ಪಾಠದ ನೀರೇ ಬೇರೆ, ಕಣ್ಣೆದುರಿನ ನೀರೇ ಬೇರೆ ಎಂದುಕೊಂಡಿದ್ದೆನೋ ಏನೋ. ನಮ್ಮ ಕಡೆ ಕೆರೆಯಲ್ಲಿ ನೀರು ಇಳಿಯುತ್ತದೆ, ಆದರೆ ಅದಕ್ಕೆ ನಾಲ್ಕು ತಿಂಗಳು ಬೇಕು.

ಮನೆ ಚೆನ್ನಾಗಿತ್ತು. ಸಂಜೀವಣ್ಣನ ಹೆಂಡತಿ ಜಲಜಮ್ಮ ದೊಡ್ಡ ದನಿಯ, ದೊಡ್ಡ ನಗುವಿನ ಹೆಂಗಸು. "ಕೂಕಣಿ, ಕೂಕಣಿ" ಎಂದು ಗೌರಕ್ಕನನ್ನು ಭುಜ ಹಿಡಿದು ಕೂರಿಸಿದರು. ಗೌರಕ್ಕ ಹೆಚ್ಚು ಹೊತ್ತು ಕೂರಲಿಲ್ಲ. ಬಾವಿಯಿಂದ ಒಂದು ಕೊಡ ಸೇದಿಸಿ ಬಾಯಿಗೆ ಹಾಕಿಕೊಂಡಳು, ಸುತ್ತ ಉಪ್ಪುನೀರಿದ್ದರೂ ಬಾವಿ ಸಿಹಿ. ಅಕ್ಕಿಯ ಡಬ್ಬ ತೆರೆದು ಮೂಸಿದಳು, ಬಚ್ಚಲಿನ ಚಿಲಕ ಅಲ್ಲಾಡಿಸಿದಳು. ತಪ್ಪು ಸಿಗದೆ ಅವಳ ಮುಖ ಸಣ್ಣದಾಗುತ್ತ ಬಂತು. ನನಗೆ ಒಳಗೊಳಗೇ ಹಬ್ಬ. ಊಟದಲ್ಲಿ ಕುಚ್ಚಲಕ್ಕಿ ಅನ್ನ, ಮೀನು ಸಾರು. ಮುಳ್ಳಿನ ಹೆದರಿಕೆಗೆ ಮೀನನ್ನು ಮುಟ್ಟದವಳು ಬರೀ ಸಾರನ್ನೇ ಎರಡು ಸಲ ಹಾಕಿಸಿಕೊಂಡಳು. ಜಲಜಮ್ಮ ಮುದ್ದೆ ತೊಳಸುವುದು ಹೇಗೆಂದು ಕೇಳಿದಾಗಲಂತೂ ಕೈಯಾಡಿಸಿ ತೋರಿಸುತ್ತ ಅರ್ಧ ಗಂಟೆ ಕಳೆದಳು.

ಎರಡು ಗಂಟೆಗೆ ಹೊರಟು ಮೆಟ್ಟಿಲ ಹತ್ತಿರ ಬಂದೆವು.

ನದಿ ಇರಲಿಲ್ಲ.

ನಿಜವಾಗಿ ಹೇಳುತ್ತೇನೆ, ಬೆಳಗ್ಗೆ ಕಾಲಡಿಗೆ ತುಂಬಿದ್ದ ನದಿ ಎದ್ದು ಹೋಗಿತ್ತು. ಅದು ಇದ್ದ ಜಾಗದಲ್ಲಿ ಬರೀ ಕೆಸರು, ಕೆಸರಿನ ತುಂಬ ಏಡಿಗಳು. ನೀರು ದೂರದಲ್ಲಿ ಒಂದು ಗೆರೆಯಾಗಿ ಕಾಣುತ್ತಿತ್ತು. ದೋಣಿ ಮಾತ್ರ ಗೂಟಕ್ಕೆ ಮೂಗು ಕೊಟ್ಟು ನೇತಾಡುತ್ತಿತ್ತು, ಬಾಲ ಕೆಸರಿನಲ್ಲಿ ಹೂತಿತ್ತು. ಅದರೊಳಗಿದ್ದ ಕಿತ್ತಳೆ ಜಾಕೆಟ್ಟುಗಳು, ಛತ್ರಿ, ಗೌರಕ್ಕನ ಬಟ್ಟೆಯ ಚೀಲ ಎಲ್ಲ ಜಾರಿ ಕೆಸರು ಸೇರಿದ್ದವು. ಭಾರಕ್ಕೆ ಮೂತಿಯ ಹಲಗೆಯೊಂದು ಸೀಳಿತ್ತು.

ಸಂಜೀವಣ್ಣ ನಿಧಾನವಾಗಿ ಇಳಿದು ಗಂಟಿನ ಮೇಲೆ ಕೈಯಿಟ್ಟರು. ಪಕ್ಕದಲ್ಲಿ ಅಂದವಾಗಿ ಸುತ್ತಿಟ್ಟ ಸುರುಳಿಯನ್ನು ನೋಡಿದರು. ಆಮೇಲೆ ಒಂದೇ ಒಂದು ಸಲ ನನ್ನ ಕಡೆ ನೋಡಿದರು.

"ಏನ್ ದೋಣಿಯೋರೇ ಇದು? ಯಾರು ಇಂಗ್ ಕಟ್ಟಿದ್ದು?" ಎಂದಳು ಗೌರಕ್ಕ. ಅವಳ ದನಿಯಲ್ಲಿ ಕೊನೆಗೂ ಸಿಕ್ಕಿತಲ್ಲ ಎನ್ನುವ ಉಮೇದಿತ್ತು.

"ನಾನೇ ಅಮ್ಮ" ಎಂದರು ಸಂಜೀವಣ್ಣ. "ನೆಂಟರು ಬಂದ ಗಡಿಬಿಡಿಯಲ್ಲಿ ಇಳಿತ ಮರ್ತೇ ಹೋಯ್ತು. ನಂದೇ ತಪ್ಪು. ಇನ್ನು ನೀರು ಬರುವಲ್ಲಿವರೆಗೆ ಯಾವ ದೋಣಿಯೂ ಈ ಬದಿ ಬರುದಿಲ್ಲ. ಸಂಜೆವರೆಗೆ ನಿಮಗೆ ತೊಂದರೆ ಆಯ್ತು."

"ಎಂತ ಆಯ್ತು ಮಾರಾಯ್ರೆ ನಿಮಗೆ?" ಎಂದು ಜಲಜಮ್ಮ ಹಣೆ ಚಚ್ಚಿಕೊಂಡರು. "ಹುಟ್ಟಿದಾಗಿಂದ ದೋಣಿಯಲ್ಲೇ ಇದ್ದವರು! ಇವತ್ತೇ ಆಗ್ಬೇಕಿತ್ತಾ? ನೆಂಟರ ಎದುರು ಮರ್ಯಾದೆ ತೆಗೆದ್ರಲ್ಲ!" ಅವರು ಬೈದರು, ಸಂಜೀವಣ್ಣ ತಲೆ ತಗ್ಗಿಸಿ ಬೈಸಿಕೊಂಡರು.

ಆಗ ನಾನು ಬಾಯಿ ಬಿಡಬೇಕಿತ್ತು. ನಾನು ಕಟ್ಟಿದ್ದು ಎಂದು ಎರಡು ಮಾತು ಸಾಕಿತ್ತು. ಹೇಳಿದರೆ ಆ ಮನೆಯ ಮೇಲಿನ ತಪ್ಪು ಇಳಿಯುತ್ತದೆ, ಹೇಳದಿದ್ದರೆ ಸುಮಾಳ ಮದುವೆ ಇದೇ ಕೆಸರಿನಲ್ಲಿ ಹೂತುಹೋಗುತ್ತದೆ ಎಂದು ಸ್ಪಷ್ಟವಾಗಿ ಗೊತ್ತಿತ್ತು. ಆದರೂ ಆಗಲಿಲ್ಲ. ಬೆಳಗ್ಗೆಯಿಂದ "ಟೀಚರೇ, ಟೀಚರೇ" ಎಂದು ಮರ್ಯಾದೆ ಕೊಟ್ಟವರ ಎದುರು ನಾನೊಬ್ಬಳು ದಡ್ಡಿ ಎಂದು ಒಪ್ಪಿಕೊಳ್ಳುವುದು ಹೇಗೆ? ನಾಚಿಕೆಯಾಗುತ್ತದೆ ಹೇಳಲು, ನಾನು ಸುಮ್ಮನೆ ಏಡಿಗಳನ್ನು ನೋಡುತ್ತ ನಿಂತೆ.

ಜಲಜಮ್ಮ ಟೀ ಮಾಡಲು ಒಳಗೆ ಹೋದರು. ನಾವಿಬ್ಬರು ಮೇಲಿನ ಮೆಟ್ಟಿಲ ಮೇಲೆ ಕೂತೆವು. ಸಂಜೀವಣ್ಣ ಲುಂಗಿ ಎತ್ತಿಕಟ್ಟಿ ಮೊಣಕಾಲುದ್ದ ಕೆಸರಿಗಿಳಿದರು. ಗೌರಕ್ಕನ ಚೀಲ ತೆಗೆದು ಬಾವಿಯ ಹತ್ತಿರ ಒಯ್ದು ತೊಳೆದು ಬೇಲಿಯ ಮೇಲೆ ಹರವಿ ಬಂದರು. ಫೋನು ಎರಡು ಸಲ ಬಡಿದುಕೊಂಡಿತು, ಸುಮಾ. ತೆಗೆಯುವ ಧೈರ್ಯವಾಗಲಿಲ್ಲ.

ಹಲಗೆ ಇನ್ನಷ್ಟು ಸೀಳುವ ಮೊದಲು ದೋಣಿ ಇಳಿಸಬೇಕೆಂದು ಸಂಜೀವಣ್ಣ ಗಂಟಿಗೆ ಕೈಹಾಕಿದರು. ಎಳೆದರು. ಅದು ಬಿಗಿಯಾಯಿತು. ಇನ್ನೂ ಎಳೆದರು, ಇನ್ನೂ ಬಿಗಿಯಾಯಿತು. ಜೀವಮಾನವಿಡೀ ಹಗ್ಗ ಹಿಡಿದ ಮನುಷ್ಯ ತಾನೇ ಕಟ್ಟಿದೆನೆಂದು ಹೇಳಿದ ಗಂಟನ್ನು ಬಿಚ್ಚಲಾರದೆ ಬೆವರುತ್ತಿದ್ದರು. ಕತ್ತಿ ತರುತ್ತೇನೆ ಎಂದು ಅವರು ಎದ್ದಾಗ ಗೌರಕ್ಕ, "ಇರ್ರಿ" ಎಂದಳು.

ಸೀರೆಯ ನೆರಿಗೆ ಎತ್ತಿ ಹಿಡಿದು ಗೂಟದ ಹತ್ತಿರ ಬಗ್ಗಿದಳು. ಬಾಲ ಹುಡುಕಿ ಅಡ್ಡಕ್ಕೆ ಒಮ್ಮೆ ಜಗ್ಗಿದಳು. ಗಂಟು ಬಿಚ್ಚಿತು. ದೋಣಿ ಧಪ್ಪೆಂದು ಕೆಸರಿಗೆ ಬಿದ್ದು ನಮ್ಮ ಮೂವರ ಮೇಲೂ ರಾಡಿ ಹಾರಿತು.

ಸಂಜೀವಣ್ಣ ಗೌರಕ್ಕನನ್ನು ನೋಡಿದರು, ಆಮೇಲೆ ಬೇಗನೆ ಕಣ್ಣು ತಪ್ಪಿಸಿ, ಜಾಕೆಟ್ಟುಗಳನ್ನು ಎತ್ತಿಕೊಂಡು ಬಾವಿಯ ಕಡೆ ಹೋದರು.

ಗೌರಕ್ಕ ಬಂದು ನನ್ನ ಪಕ್ಕ ಕೂತಳು. ಸೊಂಟದ ಸಂಚಿಯಿಂದ ವೀಳ್ಯದೆಲೆ ತೆಗೆದು ಸುಣ್ಣ ಹಚ್ಚಿದಳು.

"ಅಪ್ಪನ ಗಂಟು" ಎಂದಳು.

"ಹ್ಞೂಂ."

"ಯಾಕೇ ಹಿಂಗ್ ಮಾಡ್ದೆ?"

"ನೀನೇ ಅಂದ್ಯಲ್ಲಕ್ಕ, ಹಗ್ಗ ಸಡಿಲ ಅಂತ. ನೀನು ಇಲ್ಲಿಂದ್ಲೇ ವಾಪಸ್ ಹೋಗ್ಬುಡ್ತೀಯಾ ಅಂತ ಭಯ ಆಯ್ತು. ಸುಮಾ ಬಸ್‌ಸ್ಟ್ಯಾಂಡಲ್ಲಿ ನನ್ ಕೈ ಹಿಡ್ಕೊಂಡು..." ಎನ್ನುವಷ್ಟರಲ್ಲಿ ನನಗೆ ಅಳು ಬಂತು.

"ಸಾಕು, ಮೂಗೊರೆಸ್ಕೋ." ಅವಳು ಎಲೆ ಮಡಚಿದಳು, ಬಾಯಿಗೆ ಮಾತ್ರ ಹಾಕಿಕೊಳ್ಳಲಿಲ್ಲ. "ಅವ್ರಿಗ್ ಗೊತ್ತಿತ್ತಲ್ವಾ ನೀನೇ ಕಟ್ಟಿದ್ದು ಅಂತ?"

"ಗೊತ್ತಿತ್ತು. ನನ್ನೇ ನೋಡಿದ್ರು."

"ಗೊತ್ತಿದ್ದೂ ನಾನೇ ಅಂದ್ರು. ಹೆಂಡ್ತಿ ಕೈಲಿ ಬೈಸ್ಕೊಂಡ್ರು." ಅವಳು ಕೆಸರಿನ ಕಡೆ ನೋಡುತ್ತ ಕೂತಳು. "ಮದ್ವೆಯಾದ ಹೊಸದ್ರಲ್ಲಿ ಒಂದಿನ ಕರೆದ ಹಾಲೆಲ್ಲಾ ಕೆಡವ್ಬುಟ್ಟೆ ಕಣೇ. ಹಟ್ಟಿ ತುಂಬಾ ಜನ, ಎಲ್ರ ಮುಂದೆ ಬೈಸ್ಕೊಂಡೆ. ನಿಮ್ ಭಾವ ಅಲ್ಲೇ ನಿಂತಿದ್ರು. ಒಳ್ಳೇವ್ರೇ ಅವ್ರು, ಇಲ್ಲ ಅನ್ನಲ್ಲ. ಆದ್ರೆ ಇವತ್ನವರ್ಗೂ ಆ ಮನೇಲಿ ಒಬ್ರು, ಒಂದಿನ, 'ಅವ್ಳಲ್ಲ, ನಾನು' ಅನ್ನಲಿಲ್ಲ."

ನಲವತ್ತು ವರ್ಷದಲ್ಲಿ ಗೌರಕ್ಕ ಆ ಮಾತನ್ನು ನನಗೆ ಹೇಳಿರಲಿಲ್ಲ. ನಾನು ಅವಳ ಕೈ ಹಿಡಿದುಕೊಂಡೆ. ಒಂದು ಕ್ಷಣ ಹಿಡಿಸಿಕೊಂಡು, ಆಮೇಲೆ ಕೊಡವಿ, "ಹೋಗು, ಆ ವಮ್ಮನ್ ಮುಂದೆ ನಿಜ ಹೇಳೋಗು. ಪಾಪ, ಆವಯ್ಯನ್ನ ಎಷ್ಟ್ ಬೈದ್ಳು!" ಎಂದಳು.

ಹೋಗಿ ಹೇಳಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು, ಶಾಲೆಯ ಮಗುವಿನ ಹಾಗೆ ತಡವರಿಸುತ್ತ ಎಲ್ಲವನ್ನೂ ಹೇಳಿದೆ. ಜಲಜಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು, ನಗು ನಿಲ್ಲದೆ ಗೋಡೆ ಹಿಡಿದುಕೊಂಡರು. ಸಂಜೀವಣ್ಣನಿಗೆ ಮಾತ್ರ ನನಗಿಂತ ಹೆಚ್ಚು ಸಂಕೋಚ. "ಇರ್ಲಿ ಟೀಚರೇ, ಘಟ್ಟದ ಮೇಲಿನವರಿಗೆ ಹೇಗೆ ಗೊತ್ತಾಗ್ಬೇಕು? ನೀರು ಇಳಿವಾಗ ದೋಣಿಯೂ ಅದರೊಟ್ಟಿಗೆ ಹೋಗ್ಬೇಕಲ್ಲ, ಅದಕ್ಕೆ ಹಗ್ಗ ಉದ್ದ ಬಿಡುದು. ಮತ್ತೆ ಇವಳು ಬೈದದ್ದು ದಂಡ ಆಗುದಿಲ್ಲ, ನಾಳೆ ನಾನು ನಿಜವಾಗಿ ತಪ್ಪು ಮಾಡಿದಾಗ ಲೆಕ್ಕಕ್ಕೆ ಹಿಡ್ಕೊಳ್ತೇನೆ" ಎಂದರು. ಅಷ್ಟು ಉದ್ದ ಅವರು ಮಾತಾಡಿದ್ದು ಆ ದಿನ ಅದೊಂದೇ ಸಲ.

ಸಂಜೆಯಾಗುತ್ತಿದ್ದಂತೆ ನೀರು ಸದ್ದಿಲ್ಲದೆ ಬಂತು. ಮೊದಲು ಏಡಿಗಳ ಬಿಲ ತುಂಬಿತು, ಆಮೇಲೆ ದೋಣಿಯ ಬಾಲ, ಆಮೇಲೆ ಕೆಳಗಿನ ಮೆಟ್ಟಿಲು. ಗೌರಕ್ಕ ಒಂದು ಮೆಟ್ಟಿಲೂ ಬಿಡದೆ ಎಣಿಸುತ್ತ ಕೂತಿದ್ದಳು. ಆರು ಗಂಟೆಗೆ ದೋಣಿ ತಾನಾಗಿಯೇ ಎದ್ದು ತೇಲಿತು. ಬೇಲಿಯ ಮೇಲೆ ಒಣಗಿದ ಚೀಲವನ್ನು ಜಲಜಮ್ಮ ಮಡಚಿ ತಂದುಕೊಟ್ಟರು. ಗೌರಕ್ಕ ಜಾಕೆಟ್ಟು ತೊಟ್ಟು, ಯಾಕೆ ಎಂದು ಕೇಳದೆ, ದೋಣಿಯ ನಡುವಿನ ಹಲಗೆಯ ಮೇಲೆ ಕೂತಳು. ನಾನು ಎದುರಿಗೆ ಕೂತೆ. ಅವಳ ಮನಸ್ಸಿನಲ್ಲೇನಿದೆ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಮಡಿಲಲ್ಲಿ ಫೋನು ಮತ್ತೆ ಬಡಿದುಕೊಳ್ಳುತ್ತಿತ್ತು.

ಸಂಜೀವಣ್ಣ ಹುಟ್ಟು ಕೈಗೆತ್ತಿಕೊಂಡರು.

"ನಮ್ ಕಡೆಯಿಂದ ಎರಡು ಬಸ್ ಜನ ಬತ್ತಾರೆ" ಎಂದಳು ಗೌರಕ್ಕ, ನೀರಿನ ಕಡೆ ನೋಡುತ್ತ. "ಕೆಸರಾಗೆ ನಡ್ಕೊಂಡ್ ಬರಾಕಾಗಲ್ಲ ಅವ್ರಿಗೆ. ನೀರು ತುಂಬಿರೋ ಹೊತ್ತು ನೋಡಿ ಮುಹೂರ್ತ ಇಡ್ಸಿ, ಬೀಗ್ರೇ."